ಮಳೆಯ ಲೆಕ್ಕ ಮತ್ತು ವಿಜ್ಞಾನ ಸಂವಹನ: ಹುದಿಕೇರಿ ನಿದರ್ಶನ – ಮುಖ್ಯಾಂಶಗಳು

ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸುವ ಬಗೆಯು ಪರೀಕ್ಷೆಯಲ್ಲಿ ಪ್ರಬಂಧಕ್ಕೂ ಕಿರುಟಿಪ್ಪಣಿಗೂ ಒದಗುವ ವಿಷಯ. ಕೊಡಗಿನಲ್ಲಿ ಮಳೆಗಾಲವಿಡೀ ಪತ್ರಿಕೆಗಳಲ್ಲಿ ಬರುವ ಹೋಬಳಿವಾರು ಮಳೆ ವಿವರ ಇದಕ್ಕೆ ಕೈಗೆಟುಕುವ ನಿದರ್ಶನ. ನೆನಪಿಡಬೇಕಾದ ಸೂತ್ರ: ಮಾಹಿತಿ ತಲುಪಿದರಷ್ಟೇ ಸಾಲದು, ಕೇಳಿದವರು ಅದರಿಂದ ಒಂದು ನಿರ್ಧಾರಕ್ಕೆ ಬರುವಂತಿರಬೇಕು.

1. ಪರಿಕಲ್ಪನೆ

• ಕೊರತೆ ಮಾದರಿ: ಜನರಿಗೆ ತಿಳಿವಳಿಕೆ ಕಡಿಮೆ, ತಜ್ಞರು ಹೇಳಿದರೆ ಸರಿಹೋಗುತ್ತದೆ ಎಂಬ ನಿಲುವು. ಇದು ಏಕಮುಖ.
• ಸಂವಾದ ಮಾದರಿ: ತಜ್ಞರು ಹೇಳುತ್ತಾರೆ, ಜನರ ಪ್ರಶ್ನೆ ಮತ್ತು ಅನುಭವವನ್ನೂ ಕೇಳುತ್ತಾರೆ.
• ಸಹಭಾಗಿತ್ವ ಮಾದರಿ: ಮಾಹಿತಿ ಸಂಗ್ರಹದಲ್ಲೇ ಜನರೂ ಪಾಲುದಾರರು. ತೋಟದಲ್ಲಿ ಮಳೆಮಾಪಕ ಇಟ್ಟು ದಿನವೂ ದಾಖಲಿಸುವ ಬೆಳೆಗಾರರು ಈ ಮಾದರಿಗೆ ಹತ್ತಿರ.
• ಸಂವಿಧಾನ: 51ಎ(ಎಚ್) ವಿಧಿಯ ಪ್ರಕಾರ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯ. ಇದು ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ.

2. ಹುದಿಕೇರಿ: ಸ್ಥಳ ಪರಿಚಯ

• ದಕ್ಷಿಣ ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಹೋಬಳಿ. ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿತ್ತು.
• ನೆರೆಯ ಹೋಬಳಿಗಳಲ್ಲಿ ಶ್ರೀಮಂಗಲ, ಪೊನ್ನಂಪೇಟೆ, ಬಾಳೆಲೆ ಸೇರಿವೆ. ಕಾವೇರಿಯ ಉಪನದಿ ಲಕ್ಷ್ಮಣತೀರ್ಥ ಹುಟ್ಟುವ ಬ್ರಹ್ಮಗಿರಿ ಸಾಲು ಇದೇ ಸೀಮೆಯಲ್ಲಿದೆ.
• ಮುಖ್ಯ ಬೆಳೆಗಳು ಕಾಫಿ, ಕರಿಮೆಣಸು, ಭತ್ತ.

3. ಹೋಬಳಿವಾರು ಲೆಕ್ಕ ಏಕೆ?

• ಭಾಗಮಂಡಲ, ಶಾಂತಳ್ಳಿ ಅಧಿಕ ಮಳೆಯ ಪ್ರದೇಶಗಳು. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ. ಹಾಗಾಗಿ ಜಿಲ್ಲೆಯ ಸರಾಸರಿ ನೋಡಿ ಹುದಿಕೇರಿಯವರು ಏನನ್ನೂ ತೀರ್ಮಾನಿಸುವಂತಿಲ್ಲ.
• ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ: 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭ. ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಇದರದು. ರೈತರಿಗಾಗಿ ‘ವರುಣ ಮಿತ್ರ’ ಸಹಾಯವಾಣಿ ನಡೆಸುತ್ತದೆ.
• ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಒಂದು ದಿನದ ಮಳೆ’ ಎಂದರೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ.

4. ಮಿಲಿಮೀಟರ್, ಇಂಚು, ಸೆಂಟ್

• ಅಧಿಕೃತ ಅಳತೆ ಮಿ.ಮೀ. ಕೊಡಗಿನ ಬೆಳೆಗಾರರ ಮಾತಿನಲ್ಲಿ ಮಳೆ ಇಂಚು, ಸೆಂಟ್‌ಗಳಲ್ಲಿ ಸುರಿಯುತ್ತದೆ.
• 1 ಇಂಚು = 25.4 ಮಿ.ಮೀ. = 100 ಸೆಂಟ್. ಭೂಮಿಯ ಸೆಂಟ್ (ಎಕರೆಯ ನೂರನೇ ಒಂದು ಪಾಲು) ಬೇರೆ, ಗೊಂದಲ ಬೇಡ.
• 1 ಮಿ.ಮೀ. ಮಳೆ ಎಂದರೆ ಪ್ರತಿ ಚದರ ಮೀಟರಿಗೆ 1 ಲೀಟರ್ ನೀರು. 1 ಎಕರೆ ತೋಟಕ್ಕೆ 1 ಇಂಚು ಮಳೆ ಬಿದ್ದರೆ ಸುಮಾರು 1.03 ಲಕ್ಷ ಲೀಟರ್.
• ಭಾರಿ ಮಳೆ (ಒಂದು ದಿನದಲ್ಲಿ): 64.5ರಿಂದ 115.5 ಮಿ.ಮೀ. (ಸುಮಾರು ಎರಡೂವರೆ ಇಂಚಿನಿಂದ ನಾಲ್ಕೂವರೆ ಇಂಚು).
• ಅತಿ ಭಾರಿ ಮಳೆ: 115.6ರಿಂದ 204.4 ಮಿ.ಮೀ.
• ಅತ್ಯಧಿಕ ಭಾರಿ ಮಳೆ: 204.5 ಮಿ.ಮೀ. ಮತ್ತು ಹೆಚ್ಚು (8 ಇಂಚು ದಾಟಿದ್ದು).

5. ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ

• ಹಸಿರು: ಎಚ್ಚರಿಕೆ ಇಲ್ಲ. ಹಳದಿ: ಗಮನವಿರಲಿ. ಕಿತ್ತಳೆ: ಸಿದ್ಧರಾಗಿ. ಕೆಂಪು: ಕ್ರಮ ಕೈಗೊಳ್ಳಿ.
• ಬಣ್ಣ ನಿರ್ಧಾರವಾಗುವುದು ಮಳೆಯ ಪ್ರಮಾಣವೊಂದರಿಂದಲೇ ಅಲ್ಲ. ಸಂಭವನೀಯತೆ ಮತ್ತು ಪರಿಣಾಮ ಎರಡನ್ನೂ ತೂಗಿ ನಿರ್ಧರಿಸುತ್ತಾರೆ.
• ‘ಶೇ 60 ಸಾಧ್ಯತೆ’: ಇಂಥ ಮುನ್ಸೂಚನೆ ಕೊಟ್ಟ ಹತ್ತು ದಿನಗಳಲ್ಲಿ ಆರು ದಿನದಷ್ಟು ಮಳೆ ನಿರೀಕ್ಷಿತ. ಉಳಿದ ದಿನ ಮಳೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಅರ್ಥವಲ್ಲ.
• ವ್ಯಾಪ್ತಿಸೂಚಕ ಪದಗಳಿಗೂ ಲೆಕ್ಕವಿದೆ. ‘ಒಂದೆರಡು ಕಡೆ’: ಶೇ 25ರವರೆಗಿನ ಕೇಂದ್ರಗಳಲ್ಲಿ ಮಳೆ, ‘ಕೆಲವು ಕಡೆ’: 26–50, ‘ಹಲವು ಕಡೆ’: 51–75, ‘ಬಹುತೇಕ ಎಲ್ಲ ಕಡೆ’: ಶೇ 76 ಮತ್ತು ಹೆಚ್ಚು.

6. ಮಾಹಿತಿಯಿಂದ ನಿರ್ಧಾರಕ್ಕೆ

• ಬೇಸಿಗೆ: ಕಾಫಿಗೆ ಫೆಬ್ರುವರಿ–ಏಪ್ರಿಲ್ ನಡುವಿನ ಹೂಮಳೆ ನಿರ್ಣಾಯಕ. ಮಳೆಯಾಗಿ ವಾರದಿಂದ ಹತ್ತು ದಿನದೊಳಗೆ ಮೊಗ್ಗು ಅರಳುತ್ತದೆ. ಕಾಯಿ ನಿಲ್ಲಲು ಮುಂದಿನ ವಾರಗಳಲ್ಲಿ ಬ್ಯಾಕಿಂಗ್ ಮಳೆಯೂ ಬೇಕು.
• ಹೂಮಳೆ ಕೈಕೊಡುವ ಸೂಚನೆ ಇದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ನೀರು ಹಾಯಿಸಬೇಕೇ, ಕಾಯಬೇಕೇ ಎಂದು ಬೆಳೆಗಾರ ನಿರ್ಧರಿಸಬೇಕು. ಮುನ್ಸೂಚನೆಯ ಬೆಲೆ ತಿಳಿಯುವುದು ಇಲ್ಲಿ.
• ಮಳೆಗಾಲ: 2018ರ ಆಗಸ್ಟ್‌ನ ಭೂಕುಸಿತಗಳು, 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದ ಭೂಕುಸಿತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದ ಕುಸಿತ. ಬೆಟ್ಟದ ತಪ್ಪಲಿನವರಿಗೆ ಬಣ್ಣದ ಜೊತೆಗೆ ‘ಯಾವಾಗ ಮನೆ ಬಿಡಬೇಕು, ಎಲ್ಲಿಗೆ ಹೋಗಬೇಕು’ ಎಂಬುದೂ ಸ್ಪಷ್ಟವಾಗಬೇಕು.
• ನೆಲ ಬಿರುಕು ಬಿಡುವುದು, ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಮರ–ಕಂಬ ವಾಲುವುದು ಕುಸಿತದ ಮುನ್ಸೂಚಕಗಳು. ಇವನ್ನು ಮೊದಲು ಕಾಣುವವರು ಸ್ಥಳೀಯರೇ. ಸಂವಹನ ಎರಡೂ ಕಡೆಯಿಂದ ನಡೆಯಬೇಕಾದದ್ದು ಇದಕ್ಕೇ.

7. ಕನ್ನಡದಲ್ಲಿ ವಿಜ್ಞಾನ: ಕೆಲವು ಮೈಲಿಗಲ್ಲುಗಳು

• 1918: ‘ವಿಜ್ಞಾನ’ ಮಾಸಪತ್ರಿಕೆ, ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್.
• 1936: ಶಿವರಾಮ ಕಾರಂತರ ‘ಬಾಲಪ್ರಪಂಚ’. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’.
• 1962: ಎಚ್. ನರಸಿಂಹಯ್ಯ ಅವರಿಂದ ಬೆಂಗಳೂರು ಸೈನ್ಸ್ ಫೋರಂ.
• 1978: ‘ಬಾಲವಿಜ್ಞಾನ’ ಪತ್ರಿಕೆ. 1980: ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.
• ಕೊಡಗಿನ ಕೊಡುಗೆ: ಜಿ.ಟಿ. ನಾರಾಯಣ ರಾವ್ (1926–2008). ಮಡಿಕೇರಿಯಲ್ಲಿ ಜನನ, ಗಣಿತದ ಅಧ್ಯಾಪಕ, ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಸಂಪಾದಕ, ಖಗೋಳ ವಿಜ್ಞಾನದ ಜನಪ್ರಿಯ ಲೇಖಕ.
• ರಾಷ್ಟ್ರೀಯ ವಿಜ್ಞಾನ ದಿನ: ಫೆಬ್ರುವರಿ 28 (ರಾಮನ್ ಪರಿಣಾಮ, 1928).

8. ಉತ್ತರ ಬರೆಯುವಾಗ

• ಒಳ್ಳೆಯ ವಿಜ್ಞಾನ ಸಂದೇಶದ ಐದು ಅಂಶಗಳು: ಏನು, ಎಲ್ಲಿ, ಯಾವಾಗ, ಎಷ್ಟು ಖಚಿತ, ಏನು ಮಾಡಬೇಕು.
• ಅನಿಶ್ಚಿತತೆಯನ್ನು ಮುಚ್ಚಿಟ್ಟರೆ ಒಮ್ಮೆ ತಪ್ಪಿದಾಗ ನಂಬಿಕೆ ಹೋಗುತ್ತದೆ. ಬಿಡಿಸಿ ಹೇಳಿದರೆ ಮುಂದಿನ ಎಚ್ಚರಿಕೆಗೂ ಜನ ಕಿವಿಗೊಡುತ್ತಾರೆ.
• ಸರಳಗೊಳಿಸುವಾಗ ಅಂಕಿ ಕೈಬಿಡಬೇಡಿ; ಜನ ಬಳಸುವ ಅಳತೆಗೆ ಬದಲಿಸಿ. ‘ಭಾರಿ ಮಳೆ’ ಎಂಬುದಕ್ಕಿಂತ ‘ಎರಡೂವರೆ ಇಂಚು ದಾಟಬಹುದು’ ಎಂಬುದು ಹುದಿಕೇರಿಯ ಬೆಳೆಗಾರನಿಗೆ ಹೆಚ್ಚು ಉಪಯುಕ್ತ.