ದಫ್ತರದ ಕಡತಗಳು ಗಣಕಯಂತ್ರಕ್ಕೆ: ಜಮೀನುದಾರರು ಗಮನಿಸಬೇಕಾದ ಸಂಗತಿಗಳು

ಬೇಸಾಯ ಶಾಸ್ತ್ರದವರು ಬಿತ್ತನೆ, ಗೊಬ್ಬರ, ಕಳೆಗಳ ವಿಚಾರ ಬಿಟ್ಟು ಕಾಗದಪತ್ರಗಳ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವು ಓದುಗರು ಕೇಳಬಹುದು. ಮಾಗಡಿ ಸೀಮೆಯ ರೈತನೊಬ್ಬ ರಾಗಿಯನ್ನು ಬೆಂಬಲ ಬೆಲೆಗೆ ಕೊಡಬೇಕಾದರೆ ಆತನಿಗೆ ಫ್ರೂಟ್ಸ್ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಗೆ ಆತನ ಪಹಣಿ ಸೇರಿರಬೇಕು. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ರಾಗಿ ಎಂದೇ ದಾಖಲಾಗಿರಬೇಕು. ಹಿಪ್ಪುನೇರಳೆಗೆ ಹನಿ ನೀರಾವರಿಯ ಸಹಾಯಧನ, ಬೆಳೆ ವಿಮೆ, ಸೊಸೈಟಿ ಸಾಲ, ಯಾವುದನ್ನು ತೆಗೆದುಕೊಂಡರೂ ಇದೇ ದಾರಿ. ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಉಳಿದಿದ್ದರೆ ಎಷ್ಟೇ ಒಳ್ಳೆಯ ಬೆಳೆ ತೆಗೆದರೂ ಇವೆಲ್ಲ ಕೈಗೆ ಸಿಗುವುದಿಲ್ಲ. ಆದ್ದರಿಂದ ದಾಖಲೆಯನ್ನೂ ಬೇಸಾಯದ ಒಂದು ಸಾಮಗ್ರಿ ಎಂದೇ ಎಣಿಸತಕ್ಕದ್ದು.

ಭೂಮಿ ಯೋಜನೆ ಮಾಡಿದ್ದೇನು?

ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಭೂಮಿ ಯೋಜನೆ ನಮ್ಮ ರಾಜ್ಯದ್ದೇ. ಚನ್ನಪಟ್ಟಣಕ್ಕೆ ಹೊಂದಿಕೊಂಡ ಮದ್ದೂರಿನಲ್ಲಿ ಮೊದಲು ಪ್ರಯೋಗ ನಡೆದು, ಈ ಶತಮಾನದ ಆರಂಭದ ಹೊತ್ತಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳಿಗೂ ಅದು ಹರಡಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ನೋಡಿ ಯಂತ್ರಕ್ಕೆ ತುಂಬಲಾಯಿತು. ಅನಂತರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಗ್ರಾಮಲೆಕ್ಕಿಗರ ಮನೆ ಬಾಗಿಲಿಗೆ ಅಲೆದು ಪಡೆಯಬೇಕಿದ್ದ ಪ್ರತಿ ಆ ದಿನಗಳಲ್ಲಿ 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುವಂತಾಯಿತು.

ಇದು ದೊಡ್ಡ ಅನುಕೂಲವೇ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಅಲ್ಲಿ ನಡೆದದ್ದು ನಕಲು ಬರೆಯುವ ಕೆಲಸ. ಪುಸ್ತಕದಲ್ಲಿ ‘ಸಿದ್ದಯ್ಯ’ ಎಂದಿದ್ದದ್ದು ‘ಸಿದ್ದಪ್ಪ’ ಆಗಿರಬಹುದು, 2 ಎಕರೆ 15 ಗುಂಟೆ 2 ಎಕರೆ 5 ಗುಂಟೆ ಆಗಿರಬಹುದು. ತಪ್ಪು ಯಾರದೆಂದು ತೀರ್ಮಾನಿಸಲು ಮೂಲ ಕಾಗದವನ್ನೇ ನೋಡಬೇಕು. ಆ ಮೂಲ ಕಾಗದ ಎಲ್ಲಿದೆ? ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಕೆಂಪು ಬಟ್ಟೆಯ ಗಂಟಿನೊಳಗೆ.

ಗಂಟಿನೊಳಗಿನ ಕಾಗದಗಳು

ಆ ಗಂಟುಗಳಲ್ಲಿ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಮ್ಯುಟೇಷನ್ ವಹಿಗಳು, ಸಾಗುವಳಿ ಚೀಟಿ ಕೊಟ್ಟ ಮಂಜೂರಾತಿ ಕಡತಗಳು, ಬಗರ್‌ಹುಕುಂ ಅರ್ಜಿಗಳು, 1974ರ ಭೂಸುಧಾರಣೆಯ ಅನಂತರ ಗೇಣಿದಾರರು ನಮೂನೆ 7ರಲ್ಲಿ ಹಾಕಿದ ಅರ್ಜಿಗಳ ಮೇಲಿನ ಭೂ ನ್ಯಾಯಮಂಡಳಿಯ ಆದೇಶಗಳು ಮುಂತಾದವು ಇರುತ್ತವೆ. ಕಾಗದವನ್ನು ಗೆದ್ದಲು, ಇಲಿ, ತೇವ ತಿನ್ನುತ್ತವೆ. ಅದಕ್ಕಿಂತ ಕೆಟ್ಟದ್ದು ಮನುಷ್ಯನ ಕೈ. ಬೆಂಗಳೂರಿನ ಸೆರಗಿನಲ್ಲಿರುವ ಈ ತಾಲ್ಲೂಕುಗಳಲ್ಲಿ ಜಮೀನಿನ ಬೆಲೆ ಏರಿದಂತೆ ಕಡತದಿಂದ ಒಂದು ಹಾಳೆ ಕೀಳುವ, ಇನ್ನೊಂದು ಹಾಳೆ ಸೇರಿಸುವ ಆಸೆಯೂ ಏರುತ್ತದೆ.

ಇದರಿಂದ ಹೆಚ್ಚು ಪೆಟ್ಟು ತಿನ್ನುವವನು ಸಣ್ಣ ಹಿಡುವಳಿದಾರ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು 1978ರ ಕಾಯಿದೆ ನಿರ್ಬಂಧಿಸುತ್ತದೆ. ಆದರೆ ಜಮೀನು ಮಂಜೂರಾದದ್ದೇ, ಯಾವ ಷರತ್ತಿನ ಮೇಲೆ ಎಂಬುದನ್ನು ತೋರಿಸಲು ಮಂಜೂರಾತಿ ಕಡತ ಬೇಕು. ಕಡತ ‘ಲಭ್ಯವಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಒಂದು ಕುಟುಂಬದ ಎರಡು ಎಕರೆಯನ್ನು ತೂಗುಹಾಕಿಬಿಡುತ್ತದೆ.

ಭೂ ಸುರಕ್ಷಾ

ಈ ಮೂಲ ಕಾಗದಗಳನ್ನೇ ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿ ಸಂಗ್ರಹಿಸುವ ಭೂ ಸುರಕ್ಷಾ ಯೋಜನೆಯನ್ನು ಕಂದಾಯ ಇಲಾಖೆಯು 2024ರಲ್ಲಿ ಜಿಲ್ಲೆಗೊಂದರಂತೆ 31 ತಾಲ್ಲೂಕುಗಳಲ್ಲಿ ಆರಂಭಿಸಿ, ಬಳಿಕ ಉಳಿದ ತಾಲ್ಲೂಕುಗಳಿಗೂ ವಿಸ್ತರಿಸಿತು. ಇಲ್ಲಿ ನಕಲು ಬರೆಯುವುದಿಲ್ಲ, ಹಾಳೆಯ ಚಿತ್ರವನ್ನೇ ತೆಗೆಯುತ್ತಾರೆ.

ರಾಶಿಗಟ್ಟಲೆ ಕಾಗದವನ್ನು ಯಂತ್ರಕ್ಕೆ ಒಪ್ಪಿಸುವ ಯಾವ ಕೆಲಸದಲ್ಲೇ ಆಗಲಿ ಕ್ರಮ ಹೆಚ್ಚುಕಡಿಮೆ ಒಂದೇ. ಗಂಟು ಬಿಚ್ಚಿ ಧೂಳು ತೆಗೆದು, ಗುಂಡುಸೂಜಿ ಕಿತ್ತು, ಹಾಳೆಗಳನ್ನು ಕಡತವಾರು ಜೋಡಿಸಿ ಪುಟಸಂಖ್ಯೆ ಹಾಕಬೇಕು. ಪುಡಿಯಾಗುವ ಹಾಳೆಯನ್ನು ಎಳೆದುಕೊಳ್ಳುವ ಯಂತ್ರಕ್ಕೆ ಕೊಡದೆ ಮೇಲಿನಿಂದ ಚಿತ್ರ ತೆಗೆಯುವ ಯಂತ್ರದಡಿ ಇಡಬೇಕು. ಚಿತ್ರ ಓದುವಂತಿದೆಯೇ, ಪುಟ ಬಿಟ್ಟುಹೋಗಿದೆಯೇ ಎಂದು ಇನ್ನೊಬ್ಬರು ಪರೀಕ್ಷಿಸಬೇಕು. ಇಷ್ಟು ಭಾಗ ಶ್ರಮದ್ದು, ಕಷ್ಟದ್ದಲ್ಲ.

ಕಷ್ಟವಿರುವುದು ಸೂಚಿ ಬರೆಯುವಲ್ಲಿ. ಪ್ರತಿ ಕಡತಕ್ಕೂ ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸಾ, ಕಡತದ ಸಂಖ್ಯೆ, ವರ್ಷ, ಬಗೆ ಇಷ್ಟನ್ನಾದರೂ ನಮೂದಿಸಬೇಕು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಾಟಿನ ಸಂಖ್ಯೆ ಅದಲುಬದಲಾದರೆ ಉತ್ತಮ ಗೂಡಿನ ಹಣ ಬೇರೆಯವರ ಕೈಸೇರುತ್ತದೆ. ಕಡತದ ಸೂಚಿ ತಪ್ಪಿದರೆ ಚಿತ್ರ ಯಂತ್ರದೊಳಗೇ ಇದ್ದರೂ ಸಿಗುವುದಿಲ್ಲ. ಉದಾಹರಣೆಗೆ 45/1 ಎಂದರೆ ಅಳತೆಯಾಗಿ ಪೋಡಿಯಾದ ಹಿಸ್ಸಾ. 45/ಪಿ1 ಎಂದರೆ ‘ಪೈಕಿ’, ಇನ್ನೂ ಪೋಡಿಯಾಗಿಲ್ಲ. ಒಂದಕ್ಷರ ಬಿಟ್ಟರೆ ಒಬ್ಬನ ಕಡತ ಇನ್ನೊಬ್ಬನ ಹೆಸರಿನಡಿ ಕೂರುತ್ತದೆ. ಅಚ್ಚಾದ ಕನ್ನಡವನ್ನು ಯಂತ್ರ ಈಗ ಸಾಕಷ್ಟು ಚೆನ್ನಾಗಿ ಓದುತ್ತದೆ. ಆದರೆ ಶಾನುಭೋಗರ ಕಾಲದ ಕೂಡುಬರಹವನ್ನು ಅದಕ್ಕೆ ನಂಬಿ ಬಿಡಬಾರದೆಂದು ನನ್ನ ಅಭಿಪ್ರಾಯ. ಹಳೆಯ ಬರಹ ಬಲ್ಲ ನಿವೃತ್ತ ನೌಕರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು. ಗುಂಟೆಯ ಕೆಳಗೆ ಆಣೆ, ಒಂದು ಗುಂಟೆಗೆ 16 ಆಣೆ ಎಂಬ ಲೆಕ್ಕವೇ ಈಗಿನ ಹುಡುಗರಲ್ಲಿ ಅನೇಕರಿಗೆ ಗೊತ್ತಿಲ್ಲ.

ನಮ್ಮ ಭಾಗದ ವಿಶೇಷ ತೊಡಕು ಹೆಸರುಗಳದು. ಹಳೆಯ ಕಾಗದದಲ್ಲಿ ರಾಮನಗರ ‘ಕ್ಲೋಸ್‌ಪೇಟೆ’ ಎಂದಿರುತ್ತದೆ, ಕನಕಪುರ ‘ಕಾನಕಾನಹಳ್ಳಿ’ ಎಂದಿರುತ್ತದೆ. ಜಿಲ್ಲೆಯ ಹೆಸರು 1986ರವರೆಗೆ ಬೆಂಗಳೂರು, ಅನಂತರ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಹಾರೋಹಳ್ಳಿ ಈಗ ಬೇರೆ ತಾಲ್ಲೂಕಾದರೂ ಅಲ್ಲಿಯ ಹಳೆಯ ಪತ್ರಗಳಲ್ಲಿರುವುದು ಕನಕಪುರ ತಾಲ್ಲೂಕೆಂದೇ. ನಕಲಿಗೆ ಅರ್ಜಿ ಹಾಕುವಾಗ ಇಂದಿನ ಹೆಸರಿನ ಜೊತೆಗೆ ಹಳೆಯ ಹೆಸರನ್ನೂ ಬರೆದರೆ ಹುಡುಕುವವರಿಗೆ ಅನುಕೂಲ.

ಸ್ಕ್ಯಾನ್ ಮಾಡಿದೊಡನೆ ದಾಖಲೆ ಸಾಚಾ ಆಯಿತೆಂದು ತಿಳಿಯುವವರಿದ್ದಾರೆ. ಅದು ಸರಿಯಲ್ಲ. ಮೊದಲೇ ಸೇರಿಕೊಂಡ ಖೋಟಾ ಹಾಳೆ ಚಿತ್ರದಲ್ಲೂ ಖೋಟಾ ಹಾಳೆಯೇ. ಚಿತ್ರ ತೆಗೆದ ದಿನದಿಂದ ಮುಂದಕ್ಕೆ ಹಾಳೆ ಕೀಳುವುದು, ಸೇರಿಸುವುದು ಕಷ್ಟವಾಗುತ್ತದೆ, ಕಿತ್ತರೂ ಪತ್ತೆಯಾಗುತ್ತದೆ. ಯೋಜನೆಯ ಬೆಲೆ ಇರುವುದು ಇಲ್ಲಿ. ಇದೇ ಕಾರಣದಿಂದ ಮೂಲ ಕಾಗದವನ್ನು ಯಾವ ಕಾರಣಕ್ಕೂ ವಿಲೇವಾರಿ ಮಾಡಬಾರದು.

ರೈತರು ಏನು ಮಾಡಬೇಕು?

ಮೊದಲು ಮನೆಯಲ್ಲಿರುವ ಸಾಗುವಳಿ ಚೀಟಿ, ಕ್ರಯಪತ್ರ, ಹಳೆಯ ಪಹಣಿ, ಕಂದಾಯ ರಸೀತಿಗಳನ್ನು ಒಂದೆಡೆ ಸೇರಿಸಿರಿ. ಹೊಗೆಯ ಅಟ್ಟದ ಮೇಲಾಗಲಿ ಗೊಬ್ಬರದ ಚೀಲದಲ್ಲಾಗಲಿ ಇಡಬೇಡಿ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಕೆಲವು ಶಾಯಿ ಕೆಡುತ್ತದೆ, ಒಮ್ಮೆ ಅಂಟಿದ್ದನ್ನು ಬಿಡಿಸಲಾಗುವುದಿಲ್ಲ.

ಎರಡನೆಯದಾಗಿ, ಇಂದಿನ ಪಹಣಿಯೊಂದನ್ನು ತೆಗೆಸಿ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಖರಾಬು, ಋಣಗಳ ಕಲಂ ಇವನ್ನು ಹಳೆಯ ಕಾಗದದೊಡನೆ ಹೋಲಿಸಿರಿ. ಪಹಣಿಯ ವಿಸ್ತೀರ್ಣವೂ ಆಕಾರಬಂದಿನ ವಿಸ್ತೀರ್ಣವೂ ತಾಳೆಯಾಗದಿರುವುದು ನಮ್ಮಲ್ಲಿ ಅಪರೂಪವಲ್ಲ. ಇಂಥ ಕಡೆ ಆಧಾರದ ಪ್ರತಿಗಳೊಡನೆ ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯತಕ್ಕದ್ದು. ತಂದೆ ತೀರಿಕೊಂಡಿದ್ದರೆ ಪೌತಿ ಖಾತೆಯನ್ನು ಮುಂದೂಡಬೇಡಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಬದುಕಿರುವಾಗ ವಂಶವೃಕ್ಷ ಬರೆಸುವುದು ಸುಲಭ. ಒಂದು ತಲೆಮಾರು ದಾಟಿದರೆ ಸಹಿ ಹಾಕಬೇಕಾದವರು ಮೂವತ್ತು ಮಂದಿಯಾಗುತ್ತಾರೆ.

ಮೂರನೆಯದು, ಮಂಜೂರಾತಿ ಅಥವಾ ನ್ಯಾಯಮಂಡಳಿಯ ಆದೇಶದಿಂದ ಜಮೀನು ಬಂದಿರುವವರು ಆ ಕಡತದ ದೃಢೀಕೃತ ನಕಲನ್ನು, ಈಗ ವ್ಯಾಜ್ಯವೇನೂ ಇಲ್ಲದಿದ್ದರೂ, ಕೇಳಿ ಪಡೆಯುವುದು ಉತ್ತಮ. ಪುಟಗಳನ್ನು ಎಣಿಸಿ, ಕೊನೆಯ ಆದೇಶದ ಹಾಳೆ ಮತ್ತು ನಕ್ಷೆ ಇವೆಯೇ ಎಂದು ನೋಡಿರಿ. ಕಡತವಿಲ್ಲ ಎಂದರೆ ಬಾಯಿಮಾತಿಗೆ ಹಿಂದಿರುಗದೆ ಹಿಂಬರಹವನ್ನು ಬರಹದಲ್ಲೇ ಪಡೆಯಿರಿ. ಆಮೇಲೆ ಮ್ಯುಟೇಷನ್ ವಹಿ ಹಾಗೂ ನಿಮ್ಮಲ್ಲಿರುವ ಮೂಲ ಚೀಟಿಯ ಆಧಾರದ ಮೇಲೆ ಕಡತವನ್ನು ಮರುರಚಿಸಿಕೊಡುವಂತೆ ಕೋರಬಹುದು. ಮುಂಗಾರಿನ ಬಿತ್ತನೆ ಆರಂಭವಾದ ಮೇಲೆ ಕಚೇರಿಗೆ ಓಡಾಡಲು ಯಾರಿಗೂ ಬಿಡುವಿರುವುದಿಲ್ಲ, ರಾಗಿ ಒಕ್ಕಣೆ ಮುಗಿದ ತಿಂಗಳುಗಳೇ ಈ ಕೆಲಸಕ್ಕೆ ತಕ್ಕ ಕಾಲ.