ಪೈಪ್‌ಲೈನ್ ಲೆಕ್ಕಕ್ಕೆ ಎರಡು ಜೋಡಣಾ ತಾಪಮಾನಗಳು ಏಕೆ ಬೇಕು?

ಉಕ್ಕು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಎಷ್ಟು ಕಾಯಿತು ಎಂದು ಹೇಳಬೇಕಾದರೆ ಎಲ್ಲಿಂದ ಎಣಿಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಪೈಪ್‌ಲೈನಿನ ಸ್ಟ್ರೆಸ್ ಲೆಕ್ಕದಲ್ಲಿ ಆ ಎಣಿಕೆ ಶುರುವಾಗುವುದು ಜೋಡಣಾ ತಾಪಮಾನದಿಂದ. ಹೊಸದಾಗಿ ಈ ಕೆಲಸಕ್ಕೆ ಬಂದವರು ಹೆಚ್ಚು ಯೋಚಿಸದೆ ತುಂಬುವ ಅಂಕಿಯೂ ಇದೇ. ಸೀಸರ್-2 ಸಾಫ್ಟ್‌ವೇರಿನಲ್ಲಿ ನೀವು ಏನನ್ನೂ ಬದಲಿಸದಿದ್ದರೆ ಅದು 21.1 ಡಿಗ್ರಿ ಸೆಲ್ಸಿಯಸ್ ಎಂದು ತಾನೇ ಹಿಡಿದುಕೊಳ್ಳುತ್ತದೆ. ಅದು 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಸಮ. ನಿಮ್ಮ ಸೈಟಿಗೂ ಆ ಅಂಕಿಗೂ ಸಂಬಂಧವಿಲ್ಲ.

ಮೊದಲು ಅರ್ಥ ಸ್ಪಷ್ಟವಾಗಲಿ. ದ್ರವ ಸಾಗಿಸುವ ಪೈಪ್‌ಲೈನ್‌ಗಳಿಗೆ ಅನ್ವಯಿಸುವ ಎಎಸ್‌ಎಂಇ ಬಿ31.4 ಸಂಹಿತೆಯ ಪ್ರಕಾರ, ಪೈಪನ್ನು ಕೂರಿಸಿದಾಗ ಅಥವಾ ಕೊನೆಯ ಟೈ-ಇನ್ ಬೆಸುಗೆ (ಮಾರ್ಗದ ಭಾಗಗಳನ್ನು ಒಂದಕ್ಕೊಂದು ಕೂಡಿಸುವ ಬೆಸುಗೆ) ಮುಗಿದಾಗ ಪೈಪಿಗಿದ್ದ ತಾಪಮಾನವೇ ಜೋಡಣಾ ತಾಪಮಾನ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು, ಇದು ಗಾಳಿಯ ತಾಪಮಾನವಲ್ಲ, ಲೋಹದ ತಾಪಮಾನ. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ಬಿದ್ದಿರುವ ಕಪ್ಪು ಲೇಪನದ ಪೈಪು ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತದೆ. ಎರಡು, ಪೈಪು ಅಲುಗಾಡುವ ಸ್ವಾತಂತ್ರ್ಯ ಕಳೆದುಕೊಳ್ಳುವ ಗಳಿಗೆ ಮುಖ್ಯ. ನೆಲದ ಮೇಲಿನ ಮಾರ್ಗದಲ್ಲಿ ಅದು ಕೊನೆಯ ಬೆಸುಗೆ ಬೀಳುವ ಹೊತ್ತು. ಹೂಳಿದ ಮಾರ್ಗದಲ್ಲಿ ಕಂದಕಕ್ಕೆ ಮಣ್ಣು ತುಂಬಿ, ಆ ಮಣ್ಣು ಪೈಪನ್ನು ಹಿಡಿಯುವ ಹೊತ್ತು. ಉದ್ದುದ್ದ ಬೆಸೆದ ರೈಲು ಹಳಿಯನ್ನು ಗೊತ್ತುಪಡಿಸಿದ ತಾಪಮಾನದಲ್ಲೇ ಕಟ್ಟಬೇಕೆಂದು ರೈಲ್ವೆಯವರು ಹಟ ಹಿಡಿಯುವುದೂ ಇದೇ ಕಾರಣಕ್ಕೆ.

ಈಗ ಒಂದು ನಿಜ ಮಾರ್ಗವನ್ನು ತೆಗೆದುಕೊಳ್ಳೋಣ. ರಾಜಸ್ಥಾನದ ಬಾಡಮೇರಿನ ಮಂಗಳಾ ಕ್ಷೇತ್ರದ ಕಚ್ಚಾ ತೈಲದಲ್ಲಿ ಮೇಣದ ಅಂಶ ಹೆಚ್ಚು. ತಣ್ಣಗಾದರೆ ಅದು ಗಟ್ಟಿಯಾಗಿ ಹರಿಯುವುದೇ ಇಲ್ಲ. ಹಾಗಾಗಿ ಗುಜರಾತಿನ ಕಡೆಗೆ 600 ಕಿಲೋಮೀಟರಿಗೂ ಹೆಚ್ಚು ದೂರ ಸಾಗುವ 24 ಇಂಚಿನ ಪೈಪನ್ನು ದಾರಿಯುದ್ದಕ್ಕೂ ಕಾಯಿಸಿ, ತೈಲವನ್ನು ಸುಮಾರು 65 ಡಿಗ್ರಿಯಲ್ಲಿ ಇಡುತ್ತಾರೆ. ಥಾರ್ ಮರುಭೂಮಿಯಲ್ಲಿ ಚಳಿಗಾಲದ ರಾತ್ರಿ ಮತ್ತು ಬೇಸಿಗೆಯ ಹಗಲಿನ ಅಂತರ ವಿಪರೀತ.

ಕಾರ್ಬನ್ ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 11.7 ಭಾಗದಷ್ಟು ಹಿಗ್ಗುತ್ತದೆ. ಹೂಳಿದ ಪೈಪಿಗೆ ಹಿಗ್ಗಲು ಜಾಗವಿಲ್ಲದ ಕಾರಣ ಆ ಹಿಗ್ಗು ಪ್ರತಿ ಡಿಗ್ರಿಗೆ ಸುಮಾರು 2.4 ಮೆಗಾಪ್ಯಾಸ್ಕಲ್ ಸ್ಟ್ರೆಸ್ ಆಗಿ ಒಳಗೇ ಉಳಿಯುತ್ತದೆ. ಜನವರಿಯ ನಸುಕಿನಲ್ಲಿ 5 ಡಿಗ್ರಿಯಲ್ಲಿ ಜೋಡಿಸಿದೆವು ಎಂದುಕೊಳ್ಳಿ. 65 ಡಿಗ್ರಿಗೆ ಏರಿದಾಗ ಅಂತರ 60, ಸ್ಟ್ರೆಸ್ ಸುಮಾರು 143 ಮೆಗಾಪ್ಯಾಸ್ಕಲ್. ಮೇ ತಿಂಗಳ ಹಗಲಲ್ಲಿ 45 ಡಿಗ್ರಿಯಲ್ಲಿ ಜೋಡಿಸಿದ್ದರೆ ಅಂತರ ಬರೀ 20, ಸ್ಟ್ರೆಸ್ 48ರ ಆಸುಪಾಸು. ಪೈಪಿನ ಗೋಡೆ 10 ಮಿಲಿಮೀಟರ್ ದಪ್ಪ ಎಂದಿಟ್ಟುಕೊಂಡರೆ, ಚಳಿಯಲ್ಲಿ ಜೋಡಿಸಿದ ಪೈಪು ಉದ್ದಕ್ಕೆ ಸುಮಾರು 270 ಟನ್ ಬಲದಿಂದ ತಳ್ಳುತ್ತದೆ, ಬೇಸಿಗೆಯಲ್ಲಿ ಜೋಡಿಸಿದ್ದು ಸುಮಾರು 90 ಟನ್. ತೈಲ ಅದೇ, ಪೈಪು ಅದೇ. ಜೋಡಿಸಿದ ಹೊತ್ತು ಬೇರೆಯಾದ್ದರಿಂದ ಬಲ ಮೂರು ಪಟ್ಟಾಯಿತು. ಪೈಪನ್ನು ಕದಲದಂತೆ ಹಿಡಿಯುವ ಆಂಕರ್ ಬ್ಲಾಕನ್ನು ಎಷ್ಟು ದೊಡ್ಡದು ಮಾಡಬೇಕು, ದಿಬ್ಬದ ತಿರುವಿನಲ್ಲಿ ಪೈಪು ಮಣ್ಣು ಸೀಳಿ ಮೇಲಕ್ಕೆ ಬಾಗದಂತೆ ಎಷ್ಟು ಮಣ್ಣು ಹೊದಿಸಬೇಕು ಎಂಬುದೆಲ್ಲ ಈ ಬಲವನ್ನೇ ಅವಲಂಬಿಸಿದೆ.

ಹಾಗಾದರೆ ಸದಾ ಕಡಿಮೆ ತಾಪಮಾನ ಹಿಡಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಉತ್ತರ ಕರ್ನಾಟಕವನ್ನು ಹಾದು ಬೆಂಗಳೂರಿಗೆ ಬರುವ ದಾಭೋಳ್ ಮಾರ್ಗದಂಥ ಅನಿಲ ಪೈಪ್‌ಲೈನನ್ನು ಯೋಚಿಸಿ. ಅನಿಲ ನೆಲದೊಳಗೆ ಮಣ್ಣಿನ ತಾಪಮಾನಕ್ಕೆ ಹತ್ತಿರ ಬರುತ್ತದೆ. ಏಪ್ರಿಲ್ ಬಿಸಿಲಲ್ಲಿ ಲೋಹ 55 ಡಿಗ್ರಿ ಇದ್ದಾಗ ಜೋಡಿಸಿ, ನಂತರ ಪೈಪು 25ಕ್ಕೆ ಇಳಿದರೆ 30 ಡಿಗ್ರಿ ತಣಿದು ಕುಗ್ಗಲು ಹವಣಿಸುತ್ತದೆ. ಕುಗ್ಗಲಾಗದೆ 71 ಮೆಗಾಪ್ಯಾಸ್ಕಲ್ ಎಳೆತ ಹುಟ್ಟುತ್ತದೆ. ಒಳಗಿನ ಒತ್ತಡದಿಂದ ಪೈಪಿನ ಸುತ್ತಳತೆಯಲ್ಲಿ 200 ಮೆಗಾಪ್ಯಾಸ್ಕಲ್ ಇದ್ದರೆ, ಪ್ವಾಸೋನ್ ಪರಿಣಾಮದಿಂದ (ಸುತ್ತಳತೆ ಹಿಗ್ಗಿದಾಗ ಉದ್ದ ಕುಗ್ಗಲು ಹವಣಿಸುವುದರಿಂದ) ಉದ್ದಕ್ಕೂ 60 ಎಳೆತ ಬರುತ್ತದೆ. ಬಿಸಿ ಮಾರ್ಗದಲ್ಲಿ ಈ 60 ಪೈಪಿನ ಗೋಡೆಯಲ್ಲಿರುವ ತಳ್ಳುವ ಸ್ಟ್ರೆಸ್ಸನ್ನು ತಗ್ಗಿಸುತ್ತದೆ. ತಣ್ಣನೆಯ ಮಾರ್ಗದಲ್ಲಿ ಎಳೆತಕ್ಕೆ ಕೂಡಿಕೊಂಡು ಒಟ್ಟು 131 ಆಗುತ್ತದೆ. ಅದನ್ನು ಹೊರಬೇಕಾದವು ಸುತ್ತುಬೆಸುಗೆಗಳು ಮತ್ತು ತಿರುವುಗಳು.

ಆದ್ದರಿಂದ ನಿಯಮ ಸರಳ. ಬಿಸಿ ಸ್ಥಿತಿ ಪರೀಕ್ಷಿಸುವಾಗ ಜೋಡಣೆಯ ಅತಿ ಕಡಿಮೆ ತಾಪಮಾನ ಹಿಡಿಯಿರಿ. ತಣ್ಣನೆಯ ಸ್ಥಿತಿಗೆ ಅತಿ ಹೆಚ್ಚಿನದನ್ನು ಹಿಡಿಯಿರಿ. ಎರಡರ ಸರಾಸರಿ ಹಿಡಿದರೆ ಎರಡೂ ಕಡೆಯ ಅಪಾಯ ಕಣ್ಣಿಗೆ ಬೀಳದೆ ಹೋಗುತ್ತದೆ.

ಸಂಸ್ಕರಣಾ ಸ್ಥಾವರಗಳ ಒಳಗಿನ ಪೈಪುಗಳಿಗೆ ಬಿ31.3 ಸಂಹಿತೆ ಅನ್ವಯಿಸುತ್ತದೆ. ಅಲ್ಲಿ ಸ್ಟ್ರೆಸ್‌ನ ವ್ಯಾಪ್ತಿಯನ್ನು ಅತಿ ಬಿಸಿಯಿಂದ ಅತಿ ತಣ್ಣನೆಯವರೆಗೆ ಅಳೆಯುವುದರಿಂದ ಜೋಡಣಾ ತಾಪಮಾನ ಅದನ್ನು ಅಷ್ಟಾಗಿ ಬದಲಿಸದು. ಆದರೆ ಪಂಪು, ಕಂಪ್ರೆಸರ್‌ಗಳಿಗೆ ಪೈಪು ಸೇರುವ ನಾಜಲ್ ಮೇಲೆ ಬೀಳುವ ಬಲವನ್ನು ಖಂಡಿತ ಬದಲಿಸುತ್ತದೆ.

ಅಂಕಿಗಳನ್ನು ಆರಿಸುವ ಕ್ರಮ ಹೀಗಿರಲಿ. ನಿರ್ಮಾಣ ಯಾವ ತಿಂಗಳುಗಳಲ್ಲಿ ನಡೆಯುತ್ತದೆಂದು ಕೇಳಿ ತಿಳಿಯಿರಿ. ಆ ತಿಂಗಳುಗಳ ಕನಿಷ್ಠ, ಗರಿಷ್ಠ ತಾಪಮಾನವನ್ನು ಹವಾಮಾನ ಇಲಾಖೆಯ ದಾಖಲೆಗಳಲ್ಲಿ ನೋಡಿ. ಗರಿಷ್ಠಕ್ಕೆ ಬಿಸಿಲಿನ ಕಾವನ್ನು ಕೂಡಿಸಿ. ಲೆಕ್ಕ ಮಿತಿ ಮೀರಿದರೆ ಗೋಡೆ ದಪ್ಪ ಮಾಡುವ ಮುಂಚೆ, ಟೈ-ಇನ್ ಬೆಸುಗೆಯ ಹೊತ್ತನ್ನು ಬದಲಿಸಬಹುದೇ ಎಂದು ನೋಡಿ. ಬಹಳಷ್ಟು ಸಲ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ, ಅಥವಾ ಮಧ್ಯಾಹ್ನದಿಂದ ಬೆಳಗ್ಗೆಗೆ ಕೆಲಸ ಸರಿಸುವುದು ಉಕ್ಕಿಗಿಂತ ಅಗ್ಗ.

ಕೊನೆಗೊಂದು ಮಾತು. ನೀವು ಹಿಡಿದ ಎರಡು ಅಂಕಿಗಳು ಲೆಕ್ಕದ ವರದಿಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಇಷ್ಟರಿಂದ ಇಷ್ಟು ಡಿಗ್ರಿಯೊಳಗೆ ಮಾತ್ರ ಟೈ-ಇನ್ ಮಾಡಬೇಕು ಎಂದು ನಿರ್ಮಾಣದ ಸೂಚನೆಯಲ್ಲಿ ಬರೆಯಿರಿ. ಪೈಪಿನ ಗೋಡೆಗೆ ತಾಪಮಾಪಕ ಮುಟ್ಟಿಸಿ ಅಳೆದು, ಬೆಸುಗೆಯ ದಾಖಲೆಯಲ್ಲಿ ನಮೂದಿಸಲು ಹೇಳಿ. ಸೈಟಿನ ವೆಲ್ಡರಿಗೆ ತಲುಪಿದ ಅಂಕಿ ಮಾತ್ರ ಪೈಪ್‌ಲೈನನ್ನು ಕಾಯುತ್ತದೆ.