ತಾಟಿನಲ್ಲಿ ತೊಗರಿ ಬ್ಯಾಳಿ: ಆಕೆಗೆಷ್ಟು, ಆತನಿಗೆಷ್ಟು?

ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿತು. ಆದರೆ ಎಲ್ಲರೂ ಉಂಡ ಮೇಲೆ ತಾಟು ಹಾಕಿಕೊಳ್ಳುವ ಮನೆಯಾಕೆಗೆ ಎಷ್ಟೋ ಸಲ ಉಳಿಯುವುದು ನೀರು ಬೆರೆಸಿದ ಸಾರು ಮಾತ್ರ. ದುಡಿಯುವ ಗಂಡಸಿಗೆ ಪ್ರೋಟೀನ್ ಹೆಚ್ಚು ಬೇಕು, ಹೆಂಗಸಿಗೆ ಹೇಗೋ ನಡೆಯುತ್ತದೆ ಎಂದುಕೊಳ್ಳುತ್ತೇವೆ. ದೇಹದ ಲೆಕ್ಕ ಹಾಗಿಲ್ಲ. ಹಂತಹಂತವಾಗಿ ನೋಡೋಣ.

1. ತೂಕ ನೋಡಿ
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ಹೆಣ್ಣಿಗೂ ಗಂಡಿಗೂ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ತೂಗುವ ಗಂಡಸಿಗೆ 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ 46 ಗ್ರಾಂ. ಗಂಡಸರಲ್ಲಿ ಸ್ನಾಯು ಹೆಚ್ಚು. ದೀರ್ಘ ದುಡಿಮೆಯಲ್ಲಿ ಹೆಂಗಸಿನ ದೇಹ ಕೊಬ್ಬನ್ನು ಹೆಚ್ಚು ಉರಿಸಿ ಪ್ರೋಟೀನನ್ನು ತುಸು ಉಳಿಸುತ್ತದೆ. ಆದರೂ ಕಿಲೋ ಲೆಕ್ಕದ ಅಗತ್ಯ ಒಂದೇ.

2. ಬಸುರಿ, ಬಾಣಂತಿಗೆ ಹೆಚ್ಚಿಸಿ
ನಿಜವಾದ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಬಸುರಿಗೆ 4ರಿಂದ 6ನೇ ತಿಂಗಳಲ್ಲಿ ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚು ಬೇಕು. ಮೊಲೆಯೂಡಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಹೆಚ್ಚು. ಬಸುರಿನ ಕೊನೆಯ ತಿಂಗಳುಗಳಲ್ಲಿ ಆಕೆಯ ಅಗತ್ಯ ಗಂಡನದಕ್ಕಿಂತಲೂ ಮಿಗಿಲು.

3. ರೊಟ್ಟಿಗೆ ಬ್ಯಾಳಿ ಜೋಡಿಸಿ
ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಕೊರತೆಯನ್ನು ಜೋಳ ತುಂಬುತ್ತದೆ. ಹಾಗಾಗಿ ಬರೀ ರೊಟ್ಟಿ, ಖಾರ ತಿಂದು ಏಳಬೇಡಿ.

4. ದಿನದ ಲೆಕ್ಕ ಹಾಕಿ
ತಲಾ 50 ಗ್ರಾಂ ಹಿಟ್ಟಿನ 4 ರೊಟ್ಟಿಯಿಂದ ಸುಮಾರು 20 ಗ್ರಾಂ, 50 ಗ್ರಾಂ ಒಣ ಬ್ಯಾಳಿಯಿಂದ 11, ಒಂದು ಹಿಡಿ ಶೇಂಗಾದಿಂದ 7, ಒಂದು ಮೊಟ್ಟೆ ಅಥವಾ ಲೋಟ ಹಾಲಿನಿಂದ 6, ಒಂದು ಬಟ್ಟಲು ಮೊಸರಿನಿಂದ 3. ಒಟ್ಟು 47 ಗ್ರಾಂ. ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಿ.

5. ಹಣ್ಣನ್ನು ಹಣ್ಣಾಗಿಯೇ ತಿನ್ನಿ
ಕಮಲಾಪುರದ ಕೆಂಪು ಬಾಳೆ ರುಚಿ, ಶಕ್ತಿ ಎರಡನ್ನೂ ಕೊಡುತ್ತದೆ. ಆದರೆ ಬಾಳೆಹಣ್ಣಿನಲ್ಲಿ 100 ಗ್ರಾಂಗೆ ಪ್ರೋಟೀನ್ ಸುಮಾರು 1 ಗ್ರಾಂ ಅಷ್ಟೇ. ಬಾಣಂತಿಗೆ ಹಣ್ಣು ಕೊಟ್ಟೆವೆಂದು ಬ್ಯಾಳಿ ಬಿಡಿಸಬೇಡಿ.

6. ವಯಸ್ಸಾದವರನ್ನು ಮರೆಯದಿರಿ
ವಯಸ್ಸಾದಂತೆ, ಉಂಡ ಪ್ರೋಟೀನನ್ನು ಸ್ನಾಯುವಾಗಿಸುವ ಕಸುವು ಇಬ್ಬರಲ್ಲೂ ತಗ್ಗುತ್ತದೆ. ಅಜ್ಜ, ಅಜ್ಜಿಯರಿಗೆ ಕಿಲೋಗೆ 1ರಿಂದ 1.2 ಗ್ರಾಂ ಇರಲಿ ಎನ್ನುತ್ತಾರೆ ತಜ್ಞರು. ಹಲ್ಲಿಲ್ಲದವರಿಗೆ ಬ್ಯಾಳಿಯನ್ನು ಮೆತ್ತಗೆ ಬೇಯಿಸಿ ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಲಿ.

7. ಬಡಿಸುವ ಸರದಿ ಬದಲಿಸಿ
ಇಂದು ರಾತ್ರಿ ಬ್ಯಾಳಿ ಇಳಿಸಿದ ಕೂಡಲೇ, ಅದು ಗಟ್ಟಿ ಇರುವಾಗಲೇ, ಅಡುಗೆ ಮಾಡಿದಾಕೆಯ ಬಟ್ಟಲನ್ನು ಮೊದಲು ತುಂಬಿಸಿಡಿ. ಉಳಿದವರಿಗೆ ಆಮೇಲೆ ಬಡಿಸಿ.